ಯಾರ ಹೊಣೆಯ ಮೇಲೆ?

(ನಗರಗೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ದತ್ತಿ ಉಪನ್ಯಾಸ ಎಂದರೆ ನಮ್ಮ ಕಡೆ ಸಾಮಾನ್ಯವಾಗಿ ಕೈವಾರದ ತಾತಯ್ಯನವರ ಬಗ್ಗೆ, ವಿದುರಾಶ್ವತ್ಥದ ಬಗ್ಗೆ, ಇಲ್ಲವೇ ಗಡಿನಾಡಿನ ಕನ್ನಡದ ಬಗ್ಗೆ ಮಾತಾಡುವುದು ವಾಡಿಕೆ. ನಾನು ಇವತ್ತು ಆ ದಾರಿ ಬಿಟ್ಟು, ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರ ಬಗ್ಗೆ, ಅವರನ್ನು ಕೈಹಿಡಿದು ಒಂದು ಕಡೆ ನೆಲೆ ನಿಲ್ಲಿಸಿದ ಮಠ, ಚರ್ಚು, ಸಂಘಗಳ ಬಗ್ಗೆ ಮಾತಾಡುತ್ತೇನೆ. ನಗರಗೆರೆಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ನಿಮ್ಮೂರ ಹೆಣ್ಣುಮಕ್ಕಳ ಸಂಘದ ಪಾಸ್‌ಬುಕ್ಕಿನಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಶಾಸನ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯವಿದೆ. ಅದರ ಜೊತೆಗಿದ್ದ ಕೋಡಿಯ ಮಠ ಕಾಳಾಮುಖ ಶೈವರದು. 1162ರ ಶಾಸನವೊಂದು, ಕಲಚುರಿ ಬಿಜ್ಜಳನ ಕಾಲದ್ದು, ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಪಟ್ಟಿ ಕೊಡುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ಅದು ಎಷ್ಟೋ ಶಾಸನಗಳಲ್ಲಿ ಬರುವ ಮಾತೇ. ಮುಂದಿನ ಸಾಲುಗಳೇ ಬೇರೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ದೇಶಗಳಿಂದ ಬಂದ ಭಿಕ್ಷುಕರು, ಜೈನ ಕ್ಷಪಣಕರೂ ಸೇರಿದಂತೆ ಬೇರೆ ಬೇರೆ ಪಂಥದ ಸನ್ಯಾಸಿಗಳು, ಇವರಿಗೆಲ್ಲ ಅಲ್ಲಿ ಊಟ. ರೋಗಿಗಳಿಗೆ ಔಷಧ. ಹೆದರಿ ಬಂದ ಜೀವಕ್ಕೆ ಅಭಯ. ಶೈವ ಮಠದ ಪಂಕ್ತಿಯಲ್ಲಿ ಜೈನ ಸನ್ಯಾಸಿಗೂ ಎಲೆ ಹಾಕುತ್ತಿದ್ದರು; ಅದನ್ನು ಮುಚ್ಚಿಡದೆ ಹೆಮ್ಮೆಯಿಂದ ಕಲ್ಲಿಗೆ ಹಾಕಿಸಿದರು. ಇದೆಲ್ಲ ನಡೆಯಲು ಭೂಮಿ ಬಿಟ್ಟುಕೊಟ್ಟಿದ್ದೂ ದತ್ತಿಯೇ. ಶಾಸನ ಹೊಗಳಿಕೆಯ ಭಾಷೆ ಆಡುತ್ತದೆ, ಅದರಲ್ಲಿ ಎಷ್ಟು ನಡೆಯಿತೋ ಎಷ್ಟು ಬಿಟ್ಟಿತೋ ಎಂದು ಇತಿಹಾಸದ ಮೇಷ್ಟ್ರು ಆಕ್ಷೇಪ ಎತ್ತಬಹುದು. ಎತ್ತಲಿ. ಒಂದು ಮಠವನ್ನು ಹೊಗಳಬೇಕಾದರೆ ಏನು ಹೇಳಬೇಕು ಎಂಬ ಅಳತೆಗೋಲಾದರೂ ಆ ಕಾಲಕ್ಕೆ ಇತ್ತಲ್ಲ.

ಅರಸರು ಕೊಟ್ಟ ಆಶ್ರಯದ ಕಥೆಗಳು ನಮ್ಮ ಪಠ್ಯಪುಸ್ತಕದಲ್ಲಿವೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಬಂದಾಗ ಕೆಳದಿಯ ಚೆನ್ನಮ್ಮ ಆಶ್ರಯ ಕೊಟ್ಟಳು, ಮೊಘಲರ ಸಿಟ್ಟನ್ನು ಎದುರಿಸಿದಳು. ಅದು ದೊಡ್ಡ ಧೈರ್ಯ, ಅನುಮಾನವಿಲ್ಲ. ಆದರೆ ರಾಜನಿಗೆ ರಾಣಿ ಕೊಟ್ಟ ಆಶ್ರಯ ಅದು. ಹೆಸರಿಲ್ಲದ ಒಂದು ಸಂಸಾರ, ಬಗಲಲ್ಲೊಂದು ಕೂಸು, ತಲೆಯ ಮೇಲೊಂದು ಗಂಟು, ಇವರಿಗೆ ಯಾರು ಅಭಯ ಕೊಡಬೇಕು? ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಕಾಟ ತಾಳದೆ ಗೋವೆ ಬಿಟ್ಟು ನಮ್ಮ ಕರಾವಳಿಗೆ ಇಳಿದ ಕೊಂಕಣಿ ಜನ ದೇವರ ವಿಗ್ರಹಗಳನ್ನೂ ಹೊತ್ತು ತಂದರು, ಗುಡಿ ಕಟ್ಟಿದರು, ಆ ಗುಡಿ ಮಠಗಳ ಸುತ್ತ ಮತ್ತೆ ಸಮಾಜ ಕಟ್ಟಿಕೊಂಡರು. ಅವರಲ್ಲಿ ಹಿಂದೂಗಳಿದ್ದರು, ಕ್ರೈಸ್ತರೂ ಇದ್ದರು. ಇವತ್ತು ಅವರನ್ನು ನಿರಾಶ್ರಿತರು ಎಂದು ಕರೆಯಲು ಯಾರಿಗಾದರೂ ಬಾಯಿ ಬಂದೀತೇ? ಚೆನ್ನಾಗಿ ನೆಲೆ ನಿಂತ ನಿರಾಶ್ರಿತ ಆಮೇಲೆ ಊರಿನವನೇ ಆಗಿಬಿಡುತ್ತಾನೆ.

ಈಗ ನಮ್ಮ ಕಾಲಕ್ಕೆ ಬರೋಣ. 1959ರ ಮಾರ್ಚ್ 31ರಂದು ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಕಾಲಿಟ್ಟರು. ಅವರ ಹಿಂದೆ ಸುಮಾರು 80 ಸಾವಿರ ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಅಸ್ಸಾಮಿನ ಮಿಸಾಮಾರಿಯಲ್ಲಿ ಬಿದಿರು ಗುಡಿಸಲುಗಳ ಶಿಬಿರ. ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿ ಹಾಕಿದ್ದ ಹಳೆಯ ಜೈಲಿನಲ್ಲಿ ಭಿಕ್ಷುಗಳು. ಚಳಿಯ ಪ್ರಸ್ಥಭೂಮಿಯ ಮೈ ತೇವದ ಸೆಕೆಗೆ ಸಿಕ್ಕಿ ಕ್ಷಯ ಹತ್ತಿತು. ಬಹಳ ಜನ ಸತ್ತರು. ಮೈಯಲ್ಲಿ ಶಕ್ತಿ ಇದ್ದವರನ್ನು ಹಿಮಾಲಯದ ರಸ್ತೆ ಕೆಲಸಕ್ಕೆ ಹಚ್ಚಿದರು. ನೆಹರೂ ರಾಜ್ಯಗಳಿಗೆ ಪತ್ರ ಬರೆದು, ಇವರಿಗೆ ಕೊಡಲು ಜಾಗವಿದೆಯೇ ಎಂದು ಕೇಳಿದರು. ಮುಂದೆ ಬಂದ ರಾಜ್ಯ ನಮ್ಮದು, ಆಗಿನ ಮೈಸೂರು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಭೂಮಿ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದಿಳಿಯಿತು.

ಇಲ್ಲೊಂದು ಅಡ್ಡಮಾತು. ಈ ಔದಾರ್ಯಕ್ಕೆ ನಾವು ಎಸ್. ನಿಜಲಿಂಗಪ್ಪನವರ ಹೆಸರು ಹೇಳುತ್ತೇವೆ. ದಲೈ ಲಾಮಾ ಕೂಡ ಜೀವನದುದ್ದಕ್ಕೂ ಅವರನ್ನೇ ನೆನೆದಿದ್ದಾರೆ. 2018ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಟಿಬೆಟಿಯನ್ನರು ಕರ್ನಾಟಕಕ್ಕೆ ಧನ್ಯವಾದ ಹೇಳುವ ಸಮಾರಂಭ ಮಾಡಿದಾಗಲೂ ನಿಜಲಿಂಗಪ್ಪನವರ ನೆನಪೇ ಮುಂದೆ ಬಂತು. ನ್ಯಾಯವೇ. 1956ರಲ್ಲಿ ದಲೈ ಲಾಮಾ ಬುದ್ಧ ಜಯಂತಿಗೆ ಬಂದು ದಕ್ಷಿಣ ಸುತ್ತಿದಾಗ ಮುಖ್ಯಮಂತ್ರಿ ಆಗಿದ್ದವರು ನಿಜಲಿಂಗಪ್ಪ. 1966ರಲ್ಲಿ ಮುಂಡಗೋಡದ ನೆಲೆ ಹುಟ್ಟಿದ್ದೂ ಅವರ ಕಾಲದಲ್ಲೇ. ಆದರೆ ಬೈಲಕುಪ್ಪೆಗೆ ಮೊದಲ ಲಾರಿಗಳು ಬಂದಾಗ ವಿಧಾನಸೌಧದಲ್ಲಿ ಮುಖ್ಯಮಂತ್ರಿಯಾಗಿ ಕೂತಿದ್ದವರು ಬಿ.ಡಿ. ಜತ್ತಿ. 1958ರ ಮೇ ತಿಂಗಳಿಂದ 1962ರ ಮಾರ್ಚ್‌ವರೆಗೆ ಅವರದೇ ಸರ್ಕಾರ. ಜತ್ತಿಯವರ ಹೆಸರು ಯಾವ ಭಾಷಣದಲ್ಲೂ ಬರುವುದಿಲ್ಲ. ಇಲ್ಲಿ ಒಮ್ಮೆಯಾದರೂ ಬರಲಿ ಎಂದು ಹೇಳಿದೆ.

ಭೂಮಿ ಕೊಟ್ಟಾಯಿತು. ಅಷ್ಟಕ್ಕೆ ಕಥೆ ಮುಗಿಯುತ್ತದೆ ಎಂದು ನಾವು ತಿಳಿದಿರುತ್ತೇವೆ. ಬಗರ್‌ಹುಕುಂ ಸಾಗುವಳಿ ಚೀಟಿ ಕೈಯಲ್ಲಿ ಹಿಡಿದು ಇಪ್ಪತ್ತು ವರ್ಷ ಕಚೇರಿ ಅಲೆದವರು ಈ ಸಭೆಯಲ್ಲೇ ಇರಬಹುದು. ಕಾಗದ ಬೇರೆ, ಬದುಕು ಬೇರೆ ಎಂದು ಅವರಿಗೆ ನಾನು ಹೇಳಬೇಕಾಗಿಲ್ಲ. ಬೈಲಕುಪ್ಪೆಗೆ ಬಂದವರು ಯಾಕ್ ಮೇಯಿಸಿ, ಬಾರ್ಲಿ ಬೆಳೆದು ಬದುಕಿದ್ದ ಜನ. ಅವರಿಗೆ ಸಿಕ್ಕಿದ್ದು ಡೇರೆ, ಕೊಡಲಿ ಮತ್ತು ಕಾಡು. ಮರ ಕಡಿಯಬೇಕು, ಬೇರು ಕೀಳಬೇಕು, ಬೆಂಕಿ ಹಚ್ಚಿ ಬಯಲು ಮಾಡಬೇಕು. ಬೆಳೆ ಬಂತು ಎನ್ನುವಷ್ಟರಲ್ಲಿ ಆನೆ ಬಂತು. ಮೊದಲ ವರ್ಷಗಳಲ್ಲಿ ಸೆಕೆಗೆ, ಜ್ವರಕ್ಕೆ ಬಹಳ ಮಂದಿ ಬಲಿಯಾದರು. ವಾಪಸ್ಸು ಹಿಮಾಲಯದ ತಪ್ಪಲಿಗೇ ಹೋಗುತ್ತೇವೆ ಎಂದು ಅತ್ತವರಿದ್ದರು. ಆಗ ಬೇಕಾದದ್ದು ಪಕ್ಕದಲ್ಲಿ ವರ್ಷಗಟ್ಟಲೆ ನಿಲ್ಲುವ ಜನ. ಟ್ರ್ಯಾಕ್ಟರ್ ಕೊಡಿಸಲು, ಜೋಳ ಬಿತ್ತುವುದು ಹೇಗೆಂದು ತೋರಿಸಲು, ಸಹಕಾರ ಸಂಘ ಕಟ್ಟಿ ಲೆಕ್ಕ ಬರೆಯಲು, ಆಸ್ಪತ್ರೆ ನಡೆಸಲು, ಮಕ್ಕಳಿಗೆ ಶಾಲೆ ತೆರೆಯಲು. ಕೇಂದ್ರ ಸರ್ಕಾರ, ಸ್ವಿಸ್ ನೆರವು, ಚರ್ಚುಗಳ ಪರಿಹಾರ ಸಂಸ್ಥೆಗಳು, ಧರ್ಮಶಾಲೆಯ ಟಿಬೆಟಿಯನ್ ಆಡಳಿತ ಎಲ್ಲ ಸೇರಿ ಈ ಕೆಲಸ ಮಾಡಿದವು. ಮುಂದೆ ಮುಂಡಗೋಡ, 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ನೆಲೆ, ಆಮೇಲೆ ಹುಣಸೂರು ತಾಲ್ಲೂಕಿನ ಗುರುಪುರ, ಕೊಳ್ಳೇಗಾಲದ ಆಚೆ ಒಡೆಯರಪಾಳ್ಯ ಹೀಗೆ ಐದು ನೆಲೆಗಳಾದವು. ಭಾರತದ ಬೇರೆ ಯಾವ ರಾಜ್ಯದಲ್ಲೂ ಇಷ್ಟು ಟಿಬೆಟಿಯನ್ನರಿಲ್ಲ.

ಪಾಸ್‌ಬುಕ್ಕಿನ ಮಾತು ಇಲ್ಲಿಗೆ ಬರುತ್ತದೆ. 1968ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಸ್ಥೆ ಹುಟ್ಟಿತು. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬುದು ಅದರ ಪೂರ್ತಿ ಹೆಸರಿನ ಅರ್ಥ; ಎಲ್ಲರೂ ಕರೆಯುವುದು ಮೈರಾಡ ಎಂದು. ಹುಟ್ಟಿದ್ದೇ ಟಿಬೆಟಿಯನ್ ನಿರಾಶ್ರಿತರನ್ನು ನೆಲೆ ನಿಲ್ಲಿಸುವುದಕ್ಕೆ. ಸುಮಾರು 15 ಸಾವಿರ ಜನರ ಪುನರ್ವಸತಿಯಲ್ಲಿ ಅದರ ಕೈ ಇತ್ತು. ಆ ಕೆಲಸ ಒಂದು ಹದಕ್ಕೆ ಬಂದ ಮೇಲೆ ಅದು ನಮ್ಮ ಬಡ ಹಳ್ಳಿಗಳ ಕಡೆ ತಿರುಗಿತು. ಅವಿಭಜಿತ ಕೋಲಾರ ಜಿಲ್ಲೆಯಲ್ಲೂ, ಅಂದರೆ ನಮ್ಮ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗುವ ಎಷ್ಟೋ ಮೊದಲೇ, ಕೆಲಸ ಮಾಡಿತು. 1980ರ ದಶಕದ ಮಧ್ಯದಲ್ಲಿ ದೊಡ್ಡ ಸಹಕಾರ ಸಂಘಗಳು ಕುಸಿದಾಗ, ಒಬ್ಬರನ್ನೊಬ್ಬರು ನಂಬುವ ಹದಿನೈದು ಇಪ್ಪತ್ತು ಜನರ ಸಣ್ಣ ಗುಂಪುಗಳು ತಾವಾಗಿ ಉಳಿದುಕೊಂಡಿದ್ದನ್ನು ಮೈರಾಡದ ಅಲೋಷಿಯಸ್ ಫರ್ನಾಂಡಿಸ್ ಮುಂತಾದವರು ಗಮನಿಸಿದರು. ಅವನ್ನೇ ಬೆಳೆಸಿದರು. 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟಿತು, 1992ರಲ್ಲಿ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಶುರುವಾಯಿತು. ಇವತ್ತು ನಗರಗೆರೆಯಲ್ಲಿ ವಾರಕ್ಕೊಮ್ಮೆ ಸೇರಿ, ಉಳಿತಾಯ ಕಟ್ಟಿ, ಸಾಲ ಹಂಚಿಕೊಳ್ಳುವ ಸ್ವಸಹಾಯ ಸಂಘದ ಅಕ್ಕತಂಗಿಯರೇ, ನಿಮ್ಮ ಸಂಘದ ವಂಶಾವಳಿಯಲ್ಲಿ ಬೈಲಕುಪ್ಪೆಯ ನಿರಾಶ್ರಿತರಿದ್ದಾರೆ. ಪರದೇಶಿಗಳಿಗೆಂದು ಕಲಿತ ವಿದ್ಯೆ ನಮ್ಮ ಮನೆಗೇ ಬಂತು.

ಇನ್ನು ಮಠಗಳ ಕಥೆ. ನಮ್ಮಲ್ಲಿ ಬೈಲಕುಪ್ಪೆ ಎಂದರೆ ಪ್ರವಾಸದ ಬಸ್ಸಿನಲ್ಲಿ ಹೋಗಿ ಚಿನ್ನದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು, ಮೊಮೊ ತಿಂದು, ಕುಶಾಲನಗರದಲ್ಲಿ ಕಾಫಿಪುಡಿ ಕೊಂಡು ಬರುವ ಜಾಗ. ಆ ನಾಮ್‌ಡ್ರೋಲಿಂಗ್ ಮಠವನ್ನು ಪೆನೋರ್ ರಿನ್‌ಪೋಚೆ 1963ರಲ್ಲಿ ಬಿದಿರು ಕಟ್ಟಿ ಶುರು ಮಾಡಿದರು. ಫೋಟೊದ ಚಿನ್ನದ ಗುಡಿ ಮುಗಿದದ್ದು 1999ರಲ್ಲಿ. ಲ್ಹಾಸಾದ ಹತ್ತಿರವಿದ್ದ ಮಹಾಮಠ ಸೆರಾ 1970ರಲ್ಲಿ ಬೈಲಕುಪ್ಪೆಯಲ್ಲಿ ಮರುಹುಟ್ಟು ಪಡೆಯಿತು. ಬಕ್ಸಾ ಜೈಲಿನ ಕ್ಷಯ ದಾಟಿ ಉಳಿದ ಸುಮಾರು ಮುನ್ನೂರು ಭಿಕ್ಷುಗಳು ಬಂದರು, ಕಾಷಾಯ ಸೊಂಟಕ್ಕೆ ಕಟ್ಟಿ ಕಾಡು ಕಡಿದರು, ಹಗಲು ಗದ್ದೆ, ರಾತ್ರಿ ನ್ಯಾಯಶಾಸ್ತ್ರ. ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಮುಂಡಗೋಡಕ್ಕೆ ಹೋದವು. ಆಮೇಲೆ ದೂರದೂರದ ದೇಶಗಳ ಜನ ಒಬ್ಬೊಬ್ಬ ಮರಿ ಭಿಕ್ಷುವಿನ ಊಟ, ಓದಿಗೆ ತಿಂಗಳ ಹಣ ಕಳಿಸುವ ಏರ್ಪಾಡು ಬೆಳೆಯಿತು. ಹೀಗೆ ಆಶ್ರಯ ಬೇಡಿ ಬಂದ ಮಠವೇ ಎರಡು ಮೂರು ದಶಕಗಳಲ್ಲಿ ಟಿಬೆಟಿನಿಂದ, ನೇಪಾಳದಿಂದ, ಲಡಾಖಿನಿಂದ ಬರುವ ಹುಡುಗರಿಗೆ ಆಶ್ರಯ ಕೊಡುವ ಮಠವಾಯಿತು. ಸುತ್ತಲ ಹಳ್ಳಿಯವರಿಗೂ ಅವರ ಆಸ್ಪತ್ರೆ ತೆರೆದಿದೆ, ಅವರ ಹೊಲದಲ್ಲಿ ಕೂಲಿ ಇದೆ. ಜಗಳಗಳೂ ಇದ್ದವು, ಇವೆ. ಜಮೀನಿನ ಬಗ್ಗೆ ಗೊಣಗಾಟ ಇದೆ. ಎರಡು ಜನ ಅಕ್ಕಪಕ್ಕ ಬದುಕಿದರೆ ಅದು ಇಲ್ಲದೆ ಹೋಗುವುದಿಲ್ಲ. ನಮಗೂ ಹಿಂದೂಪುರದವರಿಗೂ ನೀರಿನ ವಿಷಯದಲ್ಲಿ ಇಲ್ಲವೇ?

ಬೈಲಕುಪ್ಪೆಯ ಕ್ಯಾಂಪುಗಳಲ್ಲಿ ಈಗ ಓಡಾಡಿದರೆ ಮನೆ ಮನೆಯಲ್ಲಿ ಮುದುಕರು ಕಾಣುತ್ತಾರೆ. ಪಿರಿಯಾಪಟ್ಟಣದ ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳೆಲ್ಲಿ ಎಂದರೆ ಟೊರಾಂಟೊ, ನ್ಯೂಯಾರ್ಕ್, ಮಿನೆಸೋಟ ಎನ್ನುತ್ತಾರೆ. 2009ರಲ್ಲಿ ಟಿಬೆಟಿಯನ್ ಆಡಳಿತ ಮಾಡಿದ ಗಣತಿಯಲ್ಲಿ ಭಾರತದಲ್ಲಿದ್ದ ಟಿಬೆಟಿಯನ್ನರು 94,203. ಹತ್ತು ಹನ್ನೊಂದು ವರ್ಷದ ಮೇಲೆ ಕೇಂದ್ರ ಗೃಹ ಸಚಿವಾಲಯ ಹೇಳಿದ್ದು ಸುಮಾರು 72 ಸಾವಿರ. ಹೊರಟವರು ಹೇಗೆ ಹೊರಟರು ಎಂಬುದು ಈ ಉಪನ್ಯಾಸದ ಮುಖ್ಯ ಮಾತಿಗೆ ನಮ್ಮನ್ನು ತರುತ್ತದೆ.

1990ರಲ್ಲಿ ಅಮೆರಿಕದ ವಲಸೆ ಕಾಯ್ದೆಯಲ್ಲಿ ಭಾರತ ಮತ್ತು ನೇಪಾಳದಲ್ಲಿದ್ದ ಟಿಬೆಟಿಯನ್ನರಿಗೆಂದು 1,000 ವೀಸಾ ಮೀಸಲಿಟ್ಟರು. ಷರತ್ತು ಏನೆಂದರೆ ಹೋಗುವ ಪ್ರತಿಯೊಬ್ಬರಿಗೂ ಅಲ್ಲೊಬ್ಬರು ಕೆಲಸ ಕೊಡುತ್ತೇವೆ ಎಂದು ಮೊದಲೇ ಒಪ್ಪಿರಬೇಕು. ಸರ್ಕಾರದ ಕಾಸು ಇಲ್ಲ. ಊರೂರಲ್ಲಿ ಸ್ವಯಂಸೇವಕರು ಕೆಲಸ ಹುಡುಕಿದರು, ಮನೆ ಬಿಟ್ಟುಕೊಟ್ಟರು. 1992ರಿಂದ ಅವರು ಹೋಗತೊಡಗಿದರು, ಆಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಕೆನಡಾ 1971–72ರಲ್ಲೇ 228 ಟಿಬೆಟಿಯನ್ನರನ್ನು ಕರೆಸಿಕೊಂಡಿತ್ತು. 2013ರಿಂದ ಇನ್ನೊಂದು ಸಾವಿರ ಜನರನ್ನು ಅರುಣಾಚಲದಿಂದ ಕರೆಸಿಕೊಂಡಿತು. ಅವರ ಪೂರ್ತಿ ಖರ್ಚು ಹೊತ್ತವರು ಅಲ್ಲಿನ ಖಾಸಗಿ ಜನ.

ಕೆನಡಾದ ಈ ಏರ್ಪಾಡು ನಾವು ಕಣ್ಣಿಟ್ಟು ನೋಡಬೇಕಾದ್ದು. ಅದರ ಬೇರು ಮೆನೊನೈಟ್ ಎಂಬ ಸಣ್ಣ ಕ್ರೈಸ್ತ ಪಂಥದಲ್ಲಿದೆ. ಯುದ್ಧಕ್ಕೆ ಹೋಗುವುದಿಲ್ಲ, ಕತ್ತಿ ಹಿಡಿಯುವುದಿಲ್ಲ ಎನ್ನುವವರು. ಅದೇ ಕಾರಣಕ್ಕೆ ದೇಶದಿಂದ ದೇಶಕ್ಕೆ ಓಡಿದವರು. 1920ರ ದಶಕದಲ್ಲಿ ರಷ್ಯಾದಿಂದ ಸುಮಾರು 20 ಸಾವಿರ ಮೆನೊನೈಟರು ಕೆನಡಾಕ್ಕೆ ಬಂದರು. ಕೈಯಲ್ಲಿ ಕಾಸಿಲ್ಲ. ಕೆನಡಿಯನ್ ಪೆಸಿಫಿಕ್ ರೈಲ್ವೆ ಕಂಪನಿ ಹಡಗು ಮತ್ತು ರೈಲಿನ ಖರ್ಚನ್ನು ಸಾಲವಾಗಿ ಕೊಟ್ಟಿತು. ಆ ಸಾಲಕ್ಕೆ ಜಾಮೀನು ನಿಂತಿದ್ದು ಅಲ್ಲಿ ಮೊದಲೇ ನೆಲೆಸಿದ್ದ ಅವರ ಪಂಥದ ಸಮಿತಿ. ನಡುವೆ ಜಗತ್ತಿನ ಆರ್ಥಿಕ ಕುಸಿತ ಬಂತು, ಮಹಾಯುದ್ಧ ಬಂತು. ಸಾಲ ತೀರಲು 1946ರವರೆಗೆ ಹಿಡಿಯಿತು. ಆದರೆ ತೀರಿತು. ಇಂಥ ನೆನಪಿದ್ದ ಜನಕ್ಕೆ 1979ರಲ್ಲಿ ವಿಯೆಟ್ನಾಮಿನ ದೋಣಿ ಜನರ ಚಿತ್ರ ಪತ್ರಿಕೆಯಲ್ಲಿ ಕಂಡಾಗ ಸುಮ್ಮನೆ ಕೂರಲಾಗಲಿಲ್ಲ. ಆಗಷ್ಟೇ ಜಾರಿಗೆ ಬಂದಿದ್ದ ಹೊಸ ಕಾಯ್ದೆಯಲ್ಲಿ ಖಾಸಗಿ ಗುಂಪುಗಳು ನಿರಾಶ್ರಿತರಿಗೆ ಹೊಣೆ ನಿಲ್ಲಬಹುದು ಎಂಬ ಅವಕಾಶವಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಮೆನೊನೈಟ್ ಕೇಂದ್ರ ಸಮಿತಿ ಸರ್ಕಾರದ ಜೊತೆ ಮೊದಲ ಒಪ್ಪಂದಕ್ಕೆ ಸಹಿ ಹಾಕಿತು. ಹಿಂದೆಯೇ ಬೇರೆ ಚರ್ಚುಗಳು, ಯೆಹೂದ್ಯರ ಸಭೆಗಳು ಬಂದವು. 1979–80ರಲ್ಲಿ ಕೆನಡಾಕ್ಕೆ ಬಂದ ಇಂಥ 60 ಸಾವಿರ ನಿರಾಶ್ರಿತರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹೀಗೆ ಸಾಮಾನ್ಯ ಜನರ ಹೊಣೆಯ ಮೇಲೆ ಬಂದವರು. 1986ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಡುವ ನಾನ್ಸೆನ್ ಪದಕ ಕೆನಡಾದ ಜನತೆಗೆ ಬಂತು.

ಹೊಣೆ ಎಂದರೆ ಅಲ್ಲಿ ಏನು? ಒಂದು ವರ್ಷ ಮನೆ ಬಾಡಿಗೆ, ಊಟ, ಚಳಿಯ ಬಟ್ಟೆ. ಮಕ್ಕಳನ್ನು ಶಾಲೆಗೆ ಸೇರಿಸುವುದು. ಹಲ್ಲು ನೋವೆಂದರೆ ಡಾಕ್ಟರ ಹತ್ತಿರ ಕರೆದೊಯ್ಯುವುದು. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ತೋರಿಸುವುದು. ಕಾಗದದ ಮೇಲೆ ಸಹಿ ಇದೆ. ನಡುವೆ ಬೇಸರ ಬಂತು ಎಂದು ಬಿಟ್ಟು ಹೋಗುವಂತಿಲ್ಲ. ಬಂದವರಿಂದ ಹಣ ವಾಪಸ್ಸು ಕೇಳುವಂತಿಲ್ಲ. ಊಟ ಹಾಕಿದ್ದಕ್ಕೆ ಪ್ರತಿಯಾಗಿ ನಮ್ಮ ದೇವರನ್ನು ಪೂಜಿಸಿ ಎನ್ನುವಂತಿಲ್ಲ. ನನಗೆ ಇದರಲ್ಲಿ ಇಷ್ಟವಾಗುವುದು ದಾನದ ಮಾತು ಕಡಿಮೆ ಇದೆ, ಕರಾರಿನ ಮಾತು ಹೆಚ್ಚಿದೆ ಎನ್ನುವುದು. ದಾನ ಕೊಟ್ಟವನು ಮರೆಯಬಹುದು. ಕರಾರಿಗೆ ಸಹಿ ಹಾಕಿದವನು ಮರೆಯುವಂತಿಲ್ಲ.

ಅಲ್ಲಿಯೂ ಎಲ್ಲ ಸರಿ ಇದೆ ಎಂದಲ್ಲ. ಸರ್ಕಾರ ತನ್ನ ಕೆಲಸವನ್ನು ಚರ್ಚಿನ ಹೆಗಲಿಗೆ ದಾಟಿಸುತ್ತಿದೆ ಎಂದು ಅಲ್ಲಿನವರೇ ಬೈಯುತ್ತಾರೆ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವವರ ಸಾಲು ಉದ್ದ. ನಮ್ಮವರನ್ನೇ ಕರೆಸಿಕೊಳ್ಳೋಣ ಎಂಬ ಒಲವು ಮನುಷ್ಯರಿಗೆ ಸಹಜ. ಇನ್ನೂ ಕೆಟ್ಟ ಉದಾಹರಣೆ ಸ್ವಿಟ್ಜರ್ಲೆಂಡಿನದು. 1963ರಲ್ಲಿ ಆ ದೇಶ ಒಂದು ಸಾವಿರ ಟಿಬೆಟಿಯನ್ನರಿಗೆ ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ಅದೇ ವರ್ಷಗಳಲ್ಲಿ ಒಬ್ಬ ಕೈಗಾರಿಕೋದ್ಯಮಿ ತಾನೇ ಮುಂದಾಗಿ ನೂರೈವತ್ತಕ್ಕೂ ಹೆಚ್ಚು ಟಿಬೆಟಿಯನ್ ಮಕ್ಕಳನ್ನು ಸ್ವಿಸ್ ಮನೆಗಳಿಗೆ ಸಾಕಲು ಕೊಡಿಸಿದ. ಅವರಲ್ಲಿ ಅನೇಕರು ಅನಾಥರೇ ಅಲ್ಲ. ಅಪ್ಪ ಅಮ್ಮ ಭಾರತದ ಶಿಬಿರಗಳಲ್ಲಿ ಇದ್ದರು. ಮಕ್ಕಳು ಭಾಷೆ ಮರೆತರು. ದೊಡ್ಡವರಾದ ಮೇಲೆ ತಾಯಿಯನ್ನು ಕಂಡಾಗ ಮಾತಾಡಲು ನಾಲಿಗೆ ಇರಲಿಲ್ಲ. ಎಲ್ಲವೂ ಒಳ್ಳೆಯ ಮನಸ್ಸಿನಿಂದಲೇ ಆಯಿತು. ಕೇಳುವವರಿಲ್ಲದ ಒಳ್ಳೆಯ ಮನಸ್ಸು ಇಷ್ಟು ದೂರ ಹೋಗಬಲ್ಲದು. ಅದಕ್ಕೇ ಕರಾರು ಬೇಕು, ಕೇಳುವ ಅಧಿಕಾರಿ ಬೇಕು ಎನ್ನುವುದು.

ಈಗ ಕಹಿ ಪ್ರಶ್ನೆ. ಬೈಲಕುಪ್ಪೆ ಇರುವ ಪಿರಿಯಾಪಟ್ಟಣ, ಗುರುಪುರ ಇರುವ ಹುಣಸೂರು, ಇದೇ ತಾಲ್ಲೂಕುಗಳ ಪಕ್ಕಕ್ಕೆ ನಾಗರಹೊಳೆ ಕಾಡು. ಅಲ್ಲಿಂದ ಜೇನುಕುರುಬರು, ಬೆಟ್ಟಕುರುಬರು, ಎರವರು ಇದೇ ದಶಕಗಳಲ್ಲಿ ಹೊರಬಿದ್ದರು. ತಮ್ಮ ದೇಶದಲ್ಲೇ ನಿರಾಶ್ರಿತರು. ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು, ಪುನರ್ವಸತಿ ಆಗಬೇಕಾದ ಕುಟುಂಬಗಳು 3,418 ಎಂದು ಲೆಕ್ಕ ಹೇಳಿತು. ವರದಿ ಜಾರಿಯಾಗಲಿ ಎಂದು ಆ ಜನ ಇನ್ನೂ ಧರಣಿ ಕೂರುತ್ತಾರೆ. ಟಿಬೆಟಿಯನ್ನರಿಗೆ ಸಿಕ್ಕಿದ್ದು ಇವರಿಗೆ ಯಾಕೆ ಸಿಗಲಿಲ್ಲ? ಟಿಬೆಟಿಯನ್ನರಿಗೆ ಹೆಚ್ಚು ಕೊಟ್ಟರು ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಅವರ ಹಿಂದೆ ಒಬ್ಬ ಗುರು ಇದ್ದರು, ಒಂದು ಆಡಳಿತವಿತ್ತು, ಮಠಗಳಿದ್ದವು, ಹೊರದೇಶದ ಚರ್ಚುಗಳಿದ್ದವು. ತಹಶೀಲ್ದಾರರ ಕಚೇರಿಯಲ್ಲಿ ಕಡತ ನಿಂತರೆ ಧರ್ಮಶಾಲೆಯಿಂದ ದೆಹಲಿಗೆ ಪತ್ರ ಹೋಗುತ್ತಿತ್ತು. ಜೇನುಕುರುಬನ ಹಿಂದೆ ಅಂಥ ಯಾರೂ ಇರಲಿಲ್ಲ. ನಮ್ಮ ಮಠಗಳೂ ನಿಲ್ಲಲಿಲ್ಲ.

ನಮ್ಮ ಮಠಗಳಿಗೆ ಶಕ್ತಿ ಇಲ್ಲವೇ? ಪಕ್ಕದ ತುಮಕೂರಿನ ಸಿದ್ಧಗಂಗೆಯಲ್ಲಿ ಸುಮಾರು ಹತ್ತು ಸಾವಿರ ಮಕ್ಕಳಿಗೆ ಊಟ, ಇರಲು ಜಾಗ, ಓದು ಉಚಿತ. ಜಾತಿ ಕೇಳುವುದಿಲ್ಲ. ಗೌರಿಬಿದನೂರು ಕಡೆಯ ಹುಡುಗರೂ ಅಲ್ಲಿ ಮುದ್ದೆ ಉಂಡು ಓದಿ ಮೇಲೆ ಬಂದಿದ್ದಾರೆ. ಒಂದು ವರ್ಷ ಒಂದು ಸಂಸಾರವನ್ನು ನೋಡಿಕೊಳ್ಳುವುದು ಇಂಥ ಮಠಕ್ಕೆ ಏನೂ ಅಲ್ಲ. ಚಿಕ್ಕಬಳ್ಳಾಪುರದಲ್ಲಿ ಮಿಷನ್ ಆಸ್ಪತ್ರೆ ಇದೆ, ಮುರುಗಮಲ್ಲದಲ್ಲಿ ಎಲ್ಲ ಜಾತಿಯವರೂ ಹೋಗುವ ದರ್ಗಾ ಇದೆ, ಕೈವಾರದಲ್ಲಿ ಅನ್ನದಾನವಿದೆ. ಮನಸ್ಸೂ ಇದೆ, ಅನ್ನವೂ ಇದೆ. ಸಹಿ ಹಾಕಲು ಕಾಗದವೊಂದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಾರತ ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ನಮ್ಮದೇ ನಿರಾಶ್ರಿತರ ಕಾಯ್ದೆಯೂ ಇಲ್ಲ. ಕಾನೂನಿನ ಕಣ್ಣಿಗೆ ಇರುವುದು ಇಬ್ಬರೇ: ನಾಗರಿಕ, ವಿದೇಶಿ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದರೂ ನಿರಾಶ್ರಿತ ಎಂಬವನಿಗೆ ಅದರಲ್ಲಿ ಸ್ಥಾನ ಸಿಗಲಿಲ್ಲ; ಎಲ್ಲ ನಡೆಯುವುದು ಆದೇಶ, ವಿನಾಯಿತಿಗಳ ಮೇಲೆ. ಬೈಲಕುಪ್ಪೆಯಲ್ಲೇ ಹುಟ್ಟಿ ಮುದುಕರಾದವರು ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು ಎಂದು ಕಾಯ್ದೆಯಲ್ಲೇ ಇದ್ದರೂ ಟಿಬೆಟಿಯನ್ನರು ಅದಕ್ಕಾಗಿ ಕೋರ್ಟಿಗೆ ಹೋಗಬೇಕಾಯಿತು. 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಹೌದು ಎಂದವು. 1987ರ ನಂತರ ಹುಟ್ಟಿದವರ ಕಥೆ ಅಲ್ಲಿಗೇ ನಿಂತಿದೆ.

2019ರ ಪೌರತ್ವ ತಿದ್ದುಪಡಿ ಕಾಯ್ದೆ ಪಾಕಿಸ್ತಾನ, ಬಾಂಗ್ಲಾ, ಅಫ್ಘಾನಿಸ್ತಾನದಿಂದ ಬಂದ ಆರು ಧರ್ಮದವರನ್ನು ಹೆಸರಿಸಿತು. ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್‌.ಎಚ್. ಕ್ಯಾಂಪುಗಳಲ್ಲಿ ದಶಕಗಳಿಂದ ಇರುವ ಬಂಗಾಳಿ ಹಿಂದೂಗಳಿಗೆ ಅದರಿಂದ ದಾರಿಯಾಯಿತು, ಸಂತೋಷ. ಬೈಲಕುಪ್ಪೆಯ ಬೌದ್ಧರಿಗೆ ಆಗಲಿಲ್ಲ, ಅವರು ಬಂದದ್ದು ಪಟ್ಟಿಯಲ್ಲಿಲ್ಲದ ದೇಶದಿಂದ. ಶ್ರೀಲಂಕಾದಿಂದ ಓಡಿ ಬಂದ ತಮಿಳು ಹಿಂದೂಗಳಿಗೂ ಆಗಲಿಲ್ಲ. ಮ್ಯಾನ್ಮಾರಿನ ಮುಸ್ಲಿಮರ ಮಾತು ಎತ್ತಿದರೆ ಸಭೆಯಲ್ಲಿ ಕೆಲವರಿಗೆ ಮುಜುಗರವಾಗುತ್ತದೆ ಎಂದು ಬಲ್ಲೆ. ಬೆಂಗಳೂರಿನ ಅಂಚಿನಲ್ಲಿ ಗುಜರಿ ಆಯ್ದು ಬದುಕುವ ಆ ಸಂಸಾರಗಳೂ ಹೆದರಿ ಬಂದ ಜೀವಗಳೇ. ಧಾರ್ಮಿಕ ಸಂಸ್ಥೆ ಹೊಣೆ ನಿಲ್ಲಲಿ ಎನ್ನುವುದು ಬೇರೆ, ಆಶ್ರಯ ಪಡೆಯಲು ಅರ್ಹರು ಯಾರು ಎಂದು ಬಂದವರ ಧರ್ಮ ನೋಡಿ ಆರಿಸುವುದು ಬೇರೆ. ಮೊದಲನೆಯದು ಬಳ್ಳಿಗಾವೆಯ ದಾರಿ. ಎರಡನೆಯದಕ್ಕೆ ಆ ಶಾಸನದಲ್ಲಿ ಆಧಾರವಿಲ್ಲ.

ಕಾನೂನು ತರಲು ಯಾರೂ ಯತ್ನಿಸಿಲ್ಲವೆಂದಲ್ಲ. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ನೇತೃತ್ವದಲ್ಲಿ 1997ರಲ್ಲೇ ಒಂದು ಮಾದರಿ ಕಾಯ್ದೆಯ ಕರಡು ಆಯಿತು. ಅದಕ್ಕೂ ಒಂದು ವರ್ಷ ಮೊದಲು, ಅರುಣಾಚಲದ ಚಕ್ಮಾ ನಿರಾಶ್ರಿತರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಜೀವದ ಹಕ್ಕು ನಾಗರಿಕರಿಗಷ್ಟೇ ಸೀಮಿತವಲ್ಲ, ನೆಲದ ಮೇಲಿರುವ ಪ್ರತಿ ವ್ಯಕ್ತಿಯನ್ನೂ ರಾಜ್ಯ ಕಾಪಾಡಬೇಕು ಎಂದು ತೀರ್ಪು ಕೊಟ್ಟಿತ್ತು. ಶಶಿ ತರೂರ್ 2015ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಖಾಸಗಿ ಮಸೂದೆಗಳಿಗೆ ಆಗುವುದೇ ಇವಕ್ಕೂ ಆಯಿತು.

ನಾನು ಕೇಳುವುದು ಸಣ್ಣದು. ನಿರಾಶ್ರಿತ ಯಾರು ಎಂದು ಹೇಳುವ ಒಂದು ಕಾಯ್ದೆ ಬರಲಿ. ನೋಂದಾಯಿತ ಮಠ, ಚರ್ಚು, ಮಸೀದಿ ಸಮಿತಿ, ಗುರುದ್ವಾರ, ಸ್ವಸಹಾಯ ಸಂಘ ಯಾವುದೇ ಆಗಲಿ, ಒಂದು ಸಂಸಾರಕ್ಕೆ ಒಂದು ವರ್ಷ ಹೊಣೆ ಎಂದು ಜಿಲ್ಲಾಧಿಕಾರಿಯ ಮುಂದೆ ಸಹಿ ಹಾಕಲು ಅದರಲ್ಲಿ ಒಂದು ಕಲಮು ಇರಲಿ. ಹೊರದೇಶದವರಿಗೆ ಎಷ್ಟೋ ನಾಗರಹೊಳೆಯಿಂದ ಹೊರಬಿದ್ದವರಿಗೂ ಅಷ್ಟೇ ಅನ್ವಯವಾಗಲಿ. ಅದು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಗೌರಿಬಿದನೂರಿನ ಕಾರ್ಖಾನೆಗಳ ಶೆಡ್ಡುಗಳಲ್ಲಿ ಬಿಹಾರ, ಒಡಿಶಾದ ಹುಡುಗರಿದ್ದಾರೆ. ಅವರು ನಿರಾಶ್ರಿತರಲ್ಲ, ನಾಗರಿಕರೇ. ಆದರೂ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಇಲ್ಲ, ಮಕ್ಕಳನ್ನು ಶಾಲೆಗೆ ಸೇರಿಸಲು ಭಾಷೆ ಬರುವುದಿಲ್ಲ. ಹೊಣೆ ನಿಲ್ಲುವುದನ್ನು ಅಲ್ಲಿಂದ ಕಲಿಯಬಹುದು. ಅದಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ.

ಈ ದತ್ತಿಯ ಬಡ್ಡಿಯಲ್ಲಿ ಉಪನ್ಯಾಸದ ಪುಸ್ತಿಕೆ ಅಚ್ಚಾಗುತ್ತದೆ. ಇದನ್ನು ಓದಿದವರು ದಯವಿಟ್ಟು ಒಂದು ಅಂಚೆ ಕಾರ್ಡು ತೆಗೆದುಕೊಂಡು ನಮ್ಮ ಸಂಸದರಿಗೆ, ನೀವು ನಡೆದುಕೊಳ್ಳುವ ಮಠದ ಸ್ವಾಮಿಗಳಿಗೆ ಅಥವಾ ನಿಮ್ಮ ಚರ್ಚಿನ ಪಾದ್ರಿಗಳಿಗೆ, ಜಮಾತಿನ ಮುಖ್ಯಸ್ಥರಿಗೆ ಎರಡು ಸಾಲು ಬರೆಯಿರಿ: ನಿರಾಶ್ರಿತರ ಕಾಯ್ದೆ ಯಾವಾಗ, ಅದು ಬಂದ ದಿನ ನಮ್ಮ ಮಠ ಎಷ್ಟು ಸಂಸಾರಕ್ಕೆ ಸಹಿ ಹಾಕುತ್ತದೆ.